ಒರಳುಕಲ್ಲಿನ ನೀರಲ್ಲಿ ನಾಲ್ಕು ವಾರ: ಪ್ರಾಜೆಕ್ಟು ಮಾಡಿಸಿ, ಕಥೆ ಬರೆಸಿ ವಿಜ್ಞಾನ ಕಲಿಸುವುದು ಹೇಗೆ

ಎಂಟನೇ ತರಗತಿಯ ಹುಡುಗಿಯೊಬ್ಬಳು ಕಿರುಪರೀಕ್ಷೆಯಲ್ಲಿ "ಹೆಣ್ಣು ಸೊಳ್ಳೆ ಮಾತ್ರ ರಕ್ತ ಹೀರುತ್ತದೆ, ಮೊಟ್ಟೆ ಬೆಳೆಯಲು ಅದಕ್ಕೆ ರಕ್ತ ಬೇಕು" ಎಂದು ಬರೆದು ಪೂರ್ತಿ ಅಂಕ ತೆಗೆದುಕೊಂಡಿದ್ದಳು. ಅದೇ ವಾರ ಅವಳು ಬರೆದ ಕಥೆಯಲ್ಲಿ ಸೊಳ್ಳೆಯಮ್ಮ ಸಂಜೆ ಹೊಟ್ಟೆ ತುಂಬ ರಕ್ತ ತಂದು, ನೀರಿನಲ್ಲಿ ಬಾಯಿ ತೆರೆದು ಕಾಯುತ್ತಿದ್ದ ಮರಿಗಳಿಗೆ ಗುಟುಕು ಕೊಡುತ್ತದೆ, ಥೇಟ್ ಗುಬ್ಬಚ್ಚಿಯ ಹಾಗೆ. ಉತ್ತರಪತ್ರಿಕೆ ನೋಡಿ ಇವಳಿಗೆ ಬಂತು ಅಂದುಕೊಂಡಿದ್ದೆ. ಏನೂ ಬಂದಿರಲಿಲ್ಲ ಅನ್ನುವುದು ಕಥೆಯಲ್ಲಿ ಸಿಕ್ಕಿಬಿತ್ತು.

ಅಲ್ಲಿಂದ ಮುಂದೆ ನಾನು ಕಥೆ ಬರೆಸುವುದನ್ನು ಬಿಟ್ಟಿಲ್ಲ. ಆದರೆ ಬರೀ ಕಥೆ ಬರೆಸಿದರೆ ಸಾಲದು. ಅದಕ್ಕೆ ಮುಂಚೆ ಮಕ್ಕಳು ಕೈ ಒದ್ದೆ ಮಾಡಿಕೊಂಡಿರಬೇಕು. ಮಲೆನಾಡಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಮಳೆಗಾಲದ ಹೊತ್ತಿಗೆ ನಾನು ಮಾಡಿಸುವ ನಾಲ್ಕು ವಾರದ ಸೊಳ್ಳೆ ಪ್ರಾಜೆಕ್ಟನ್ನು ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ಸೂಕ್ಷ್ಮಜೀವಿಗಳ ಪಾಠದ ಮಲೇರಿಯಾ-ಡೆಂಗಿ, ಸಂತಾನೋತ್ಪತ್ತಿ ಪಾಠದ ರೂಪಪರಿವರ್ತನೆ, ಗಣಿತದ ಶೇಕಡಾ, ಮೂರೂ ಒಂದೇ ಬಾಟಲಿಯಲ್ಲಿ ಬಂದುಬಿಡುತ್ತವೆ. ಖರ್ಚು ಇಲ್ಲವೇ ಇಲ್ಲ ಎನ್ನಬಹುದು. ಮುಖ್ಯವಾಗಿ, ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರುವವರೆಗಿನ ಬದುಕನ್ನು ಬೆಚ್ಚಗಿನ ಹವೆಯಲ್ಲಿ 7ರಿಂದ 10 ದಿನದಲ್ಲಿ ಮುಗಿಸುತ್ತದೆ. ಮಕ್ಕಳ ತಾಳ್ಮೆಗೂ ಅಷ್ಟೇ ಆಯಸ್ಸು.

ಪ್ರಾಜೆಕ್ಟು ಅಂದರೆ ನಮ್ಮಲ್ಲಿ ಬುಕ್ ಸ್ಟಾಲಿನಿಂದ ಚಿತ್ರದ ಹಾಳೆ ತಂದು ಅಂಟಿಸಿ, ಅಕ್ಕನ ಕೈಲಿ ಸ್ಕೆಚ್ ಪೆನ್ನಿನಲ್ಲಿ ಹೆಡ್ಡಿಂಗ್ ಬರೆಸಿ, ಸ್ಪೈರಲ್ ಬೈಂಡ್ ಮಾಡಿಸಿ ಕೊಡುವುದು ಎಂದಾಗಿದೆ. ಇದು ಅದಲ್ಲ. ಮೇಷ್ಟ್ರಿಗೂ ಉತ್ತರ ಗೊತ್ತಿಲ್ಲದ ಪ್ರಶ್ನೆಯೊಂದು ಇದ್ದರೆ ಮಾತ್ರ ಅದು ಪ್ರಾಜೆಕ್ಟು. ನಮ್ಮ ಪ್ರಶ್ನೆ ಇಷ್ಟೇ: ಈ ಶಾಲೆಯಲ್ಲಿ ನಮ್ಮನ್ನು ಕಚ್ಚುವ ಸೊಳ್ಳೆಗಳು ಹುಟ್ಟುವುದು ಎಲ್ಲಿ?

ಬಾಟಲಿಗೆ ಮುಂಚೆ ಅನುಮತಿ

ಆಗಸ್ಟ್ ಮೊದಲ ಸೋಮವಾರ ಶುರು ಮಾಡಿ. ಆಗಸ್ಟ್ 20 ವಿಶ್ವ ಸೊಳ್ಳೆ ದಿನ, ಅದು ಮೂರನೇ ವಾರದ ಆಸುಪಾಸಿಗೆ ಬರುತ್ತದೆ. ಹೆಚ್ಚೆಮ್ಮಿಗೆ ಮೊದಲೇ ಹೇಳಿ. ಪೋಷಕರಿಗೆ ಒಂದು ಚೀಟಿ ಕಳಿಸಿ ಸಹಿ ತರಿಸಿ. ಊರಿನ ಆಶಾ ಕಾರ್ಯಕರ್ತೆಯನ್ನು ಕರೆದು ಮಾತಾಡಿ. ಅವರು ಹೇಗೂ ಮನೆಮನೆ ಸುತ್ತಿ ಲಾರ್ವಾ (ಸೊಳ್ಳೆ ಮರಿ) ಸಮೀಕ್ಷೆ ಮಾಡುತ್ತಿರುತ್ತಾರೆ. ಮೂರನೇ ವಾರ ಅವರಿಲ್ಲದೆ ನಿಮ್ಮ ಕೆಲಸ ನಡೆಯುವುದಿಲ್ಲ.

ಸಾಮಾನು: ನಾಲ್ಕೈದು ಮಕ್ಕಳ ಗುಂಪಿಗೆ ಒಂದರಂತೆ ಒಂದು ಲೀಟರಿನ ಪಾರದರ್ಶಕ ಬಾಟಲಿ, ಹಳೇ ಪಂಚೆಯ ತುಂಡು, ರಬ್ಬರ್ ಬ್ಯಾಂಡು, ಬಿಳಿ ಐಸ್‌ಕ್ರೀಂ ಡಬ್ಬಿ (ಬಿಳಿ ತಳದ ಮೇಲೆ ಮರಿಗಳು ಎದ್ದು ಕಾಣುತ್ತವೆ), ಒಂದು ಸೌಟು, ಕಣ್ಣಿನ ಔಷಧಿಯ ಖಾಲಿ ಡ್ರಾಪರು, ಒಂದು ಭೂತಕನ್ನಡಿ. ಇಷ್ಟು ಸಾಕು.

ಈಗ ಸುರಕ್ಷತೆಯ ಮಾತು. ನೀವು ಸಾಕುವುದು ರೋಗ ಹರಡಬಲ್ಲ ಜೀವಿಯನ್ನು. ಬಾಟಲಿಯ ಬಾಯಿಗೆ ಪಂಚೆ ಎರಡು ಪದರ, ರಬ್ಬರ್ ಬ್ಯಾಂಡು ಎರಡು. ಮೊದಲ ವರ್ಷ ನಾನು ಒಂದೇ ಪದರ ಕಟ್ಟಿ, ಶನಿವಾರ ಬೀಗ ಹಾಕಿ ಹೋಗಿದ್ದೆ. ಸೋಮವಾರ ಬಾಗಿಲು ತೆಗೆದರೆ ನಾವು ಸಾಕಿದ ಸೊಳ್ಳೆಗಳೇ ನಮ್ಮನ್ನು ಬರಮಾಡಿಕೊಂಡವು. ಅಂದಿನಿಂದ ನಿಯಮ: ಮರಿ ಪ್ಯೂಪಾ (ಮರಿಗೂ ರೆಕ್ಕೆಯ ಸೊಳ್ಳೆಗೂ ನಡುವಿನ ಹಂತ) ಆದರೆ ಎರಡು ದಿನದೊಳಗೆ ರೆಕ್ಕೆ ಬರಬಹುದು, ಹಾಗಾಗಿ ಶನಿವಾರ ಪ್ಯೂಪಾ ಇರುವ ಯಾವ ಬಾಟಲಿಯೂ ಭಾನುವಾರ ನೋಡುವಂತಿಲ್ಲ. ಬಿಸಿಯೂಟದ ಅಡುಗೆಮನೆಯಿಂದ ಕುದಿಯುವ ನೀರು ತಂದು, ಪಂಚೆ ಬಿಚ್ಚದೆ ಅದರ ಮೇಲೆಯೇ ಸುರಿಯಿರಿ. ಇದನ್ನು ಮಾಡುವುದು ನೀವು, ಮಕ್ಕಳಲ್ಲ. ಬಾಟಲಿಯಲ್ಲಿ ರೆಕ್ಕೆ ಬಂದ ಸೊಳ್ಳೆ ಕಂಡರೆ ನೋಡಿ, ಚಿತ್ರ ಬರೆದುಕೊಂಡು, ಅವತ್ತೇ ಮುಗಿಸಿ. ತರಗತಿಯ ಯಾವ ಮಗುವಿಗಾದರೂ ಜ್ವರ ಇದ್ದರೆ ಆ ವಾರ ಸಾಕುವ ಕೆಲಸವೇ ಬೇಡ.

ಮೊದಲ ವಾರ: ಹುಡುಕಾಟ

ಮೊದಲ ದಿನ ಪಾಠ ಮಾಡಬೇಡಿ. "ಸೊಳ್ಳೆ ಎಲ್ಲಿ ಹುಟ್ಟುತ್ತದೆ?" ಎಂದು ಕೇಳಿ, ಅರ್ಧ ಪುಟ ಬರೆಸಿ, ತಿದ್ದದೆ ಎತ್ತಿಡಿ. ನಮ್ಮಲ್ಲಿ ಮುಕ್ಕಾಲು ಪಾಲು ಮಕ್ಕಳು ಚರಂಡಿ ಎಂದೇ ಬರೆಯುತ್ತಾರೆ. ಚರಂಡಿಯ ಕೊಳಕು ನೀರು ಕ್ಯೂಲೆಕ್ಸ್ ಸೊಳ್ಳೆಗೆ ಇಷ್ಟ, ನಿಜ. ಆದರೆ ಹಗಲು ಹೊತ್ತು ಕಚ್ಚುವ, ಕಾಲಿನ ಮೇಲೆ ಬಿಳಿ ಪಟ್ಟೆ ಇರುವ, ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಬೇಕಾದದ್ದು ತಿಳಿಯಾಗಿ ನಿಂತ ನೀರು. ಶಾಲೆಯ ಹೊತ್ತಿನಲ್ಲಿ ಬೆಂಚಿನ ಕೆಳಗೆ ಕಾಲು ಕಚ್ಚುವುದು ಬಹುಮಟ್ಟಿಗೆ ಅದೇ.

ಎರಡನೇ ದಿನ ಗುಂಪುಗಳನ್ನು ಹೊರಗೆ ಬಿಡಿ. ಒಡೆದ ಕೊಡ, ಕೈತೋಟದ ಹಳೇ ಟೈರು, ಅಡಕೆ ಹಾಳೆ, ತೆಂಗಿನ ಕರಟ, ನೀರು ಹಿಡಿದಿಟ್ಟ ಡ್ರಮ್ಮು, ತಾರಸಿಯ ಮೂಲೆ. ಕರಾವಳಿಯ ಕಡೆಯವರಾದರೆ ರಬ್ಬರ್ ಮರಕ್ಕೆ ಕಟ್ಟಿದ ಹಾಲಿನ ಚಿಪ್ಪುಗಳನ್ನು ಮರೆಯಬೇಡಿ. ನಮ್ಮ ಶಾಲೆಯಲ್ಲಿ ಯಾರೂ ಊಹಿಸದ ಜಾಗ ಒಂದಿತ್ತು: ಅಡುಗೆಮನೆಯ ಹಿಂದೆ ಅಂಗಾತ ಬಿದ್ದಿದ್ದ ಒರಳುಕಲ್ಲು. ಅದರ ಗುಳಿಯಲ್ಲಿ ಮಳೆನೀರು ತುಂಬಿ, ಒಂದೇ ಸೌಟಿಗೆ ಮೂವತ್ತಕ್ಕೂ ಹೆಚ್ಚು ಮರಿಗಳು ಬಂದವು.

ಸೌಟಿನಿಂದ ತೆಗೆಯುವಾಗ ನೆರಳು ಬೀಳದಂತೆ ನಿಲ್ಲಲು ಹೇಳಿಕೊಡಿ. ನೆರಳು ಬಿದ್ದ ಕೂಡಲೇ ಮರಿಗಳು ತಳಕ್ಕೆ ಇಳಿದುಬಿಡುತ್ತವೆ. ಆಮೇಲೆ "ಇಲ್ಲೇನೂ ಇಲ್ಲ ಸಾರ್" ಎಂದು ಬರೆದುಕೊಂಡು ಬರುತ್ತಾರೆ.

ಇದೇ ದಿನ ನೋಟುಪುಸ್ತಕದ ಪುಟವನ್ನು ನಡುವೆ ಗೆರೆ ಎಳೆದು ಎರಡು ಮಾಡಿಸಿ. ಎಡಕ್ಕೆ "ಕಂಡದ್ದು", ಬಲಕ್ಕೆ "ಅಂದುಕೊಂಡದ್ದು". "ಮರಿ ತಲೆಕೆಳಗಾಗಿ ನೇತಾಡುತ್ತಿದೆ" ಎಡಕ್ಕೆ. "ಮರಿ ನಿದ್ದೆ ಮಾಡುತ್ತಿದೆ" ಬಲಕ್ಕೆ. ಮೊದಲ ವಾರ ಎಲ್ಲರೂ ಎಡಬಲ ಬೆರೆಸುತ್ತಾರೆ. ಬೈಯಬೇಡಿ, ಬಾಣದ ಗುರುತು ಹಾಕಿ ಆಚೆಗೆ ತಳ್ಳಿಸಿ. ಪುಟಕ್ಕೆ ಸಂಖ್ಯೆ ಹಾಕಿಸುವುದನ್ನು ಮಾತ್ರ ಬಿಡಬೇಡಿ. ಮುಂದೆ ಕಥೆಗೆ ಈ ಸಂಖ್ಯೆಗಳೇ ಆಧಾರ.

ಎರಡನೇ ವಾರ: ಬಾಟಲಿ, ಕರಟ, ಒಗಟು

ಮರಿಗಳನ್ನು ಸಿಕ್ಕಿದ ಜಾಗದ ನೀರಿನಲ್ಲೇ ಬಾಟಲಿಗೆ ಹಾಕಿ. ನಲ್ಲಿ ನೀರು ಬೇಡ. ಒಂದು ಒಣ ಎಲೆ ಹಾಕಿದರೆ ಊಟಕ್ಕೆ ಸಾಕು. ಕೊಳೆಯುವ ಎಲೆಯ ಸುತ್ತ ಬೆಳೆಯುವ ಸೂಕ್ಷ್ಮಜೀವಿಗಳೇ ಅವುಗಳ ಆಹಾರ. ನೇರ ಬಿಸಿಲಿಗೆ ಇಡಬೇಡಿ. ದಿನಾ ಪ್ರಾರ್ಥನೆ ಮುಗಿದ ಮೇಲೆ ಹತ್ತು ನಿಮಿಷ ನೋಡುವ ಹೊತ್ತು. ಅಷ್ಟೇ.

ಏನನ್ನು ನೋಡಬೇಕು ಎಂದು ಪೂರ್ತಿ ಹೇಳಿಬಿಟ್ಟರೆ ಮಜವಿಲ್ಲ, ಏನೂ ಹೇಳದಿದ್ದರೆ ಏನೂ ಕಾಣುವುದಿಲ್ಲ. ನಾನು ದಿನಕ್ಕೊಂದೇ ಪ್ರಶ್ನೆ ಬೋರ್ಡಿನ ಮೇಲೆ ಬರೆಯುತ್ತೇನೆ. ಉಸಿರಾಟ ಯಾವ ಕಡೆಯಿಂದ? (ಬಾಲದ ತುದಿಯ ಕೊಳವೆಯಿಂದ, ನೀರಿನ ಮೇಲ್ಮೈಗೆ ತಾಗಿಸಿ.) ಮೇಲ್ಮೈಗೆ ಓರೆಯಾಗಿ ನೇತಾಡುತ್ತದೋ, ಮಲಗಿದಂತೆ ಸಮನಾಗಿ ಇರುತ್ತದೋ? (ಓರೆಯಾದರೆ ಕ್ಯೂಲೆಕ್ಸ್ ಅಥವಾ ಈಡಿಸ್, ಸಮನಾಗಿದ್ದರೆ ಮಲೇರಿಯಾ ಹರಡುವ ಅನಾಫಿಲಿಸ್, ಅದಕ್ಕೆ ಆ ಕೊಳವೆ ಇಲ್ಲ.) ತಳದಲ್ಲಿ ಬಿದ್ದಿರುವ ತೆಳ್ಳಗಿನ ಸಿಪ್ಪೆ ಯಾವುದು? (ಪೊರೆ. ಪ್ಯೂಪಾ ಆಗುವಷ್ಟರಲ್ಲಿ ಮರಿ ನಾಲ್ಕು ಸಲ ಪೊರೆ ಕಳಚುತ್ತದೆ.) ಪ್ಯೂಪಾ ಊಟ ಮಾಡುತ್ತದೆಯೇ?

ಜೊತೆಗೊಂದು ಕರಟದ ಪ್ರಯೋಗ. ತೆಂಗಿನ ಕರಟದಲ್ಲಿ ಅರ್ಧ ನೀರು ತುಂಬಿ, ಒಳಗೋಡೆಗೆ ಬಿಳಿ ಬಟ್ಟೆಯ ಪಟ್ಟಿ ಅಂಟಿಸಿ, ನೆರಳಿನಲ್ಲಿಡಿ. ಮೂರು ನಾಲ್ಕು ದಿನದಲ್ಲಿ ನೀರಿನ ಮಟ್ಟಕ್ಕಿಂತ ತುಸು ಮೇಲೆ, ಒದ್ದೆ ಬಟ್ಟೆಯ ಮೇಲೆ, ಗಸಗಸೆಗಿಂತ ಸಣ್ಣ ಕಪ್ಪು ಚುಕ್ಕೆಗಳು ಕಂಡರೆ ಅದು ಈಡಿಸ್ ಮೊಟ್ಟೆ. ಕ್ಯೂಲೆಕ್ಸ್ ಮೊಟ್ಟೆ ಹೀಗಿರುವುದಿಲ್ಲ. ಅದು ನೀರಿನ ಮೇಲೆ ಪುಟ್ಟ ತೆಪ್ಪದಂತೆ ಒಟ್ಟಾಗಿ ತೇಲುತ್ತದೆ. ಪಟ್ಟಿಯನ್ನು ಇನ್ನೆರಡು ದಿನ ಒದ್ದೆಯಾಗಿಟ್ಟು, ಆಮೇಲೆ ನೆರಳಲ್ಲಿ ಒಣಗಿಸಿ, ಕಾಗದದ ಕವರಿನಲ್ಲಿ ಹಾಕಿ ಬೀರುವಿನಲ್ಲಿಡಿ. ಹತ್ತು ದಿನ ಬಿಟ್ಟು ನೀರಿಗೆ ಹಾಕಿದರೆ ಸತ್ತಿತೆಂದುಕೊಂಡ ಚುಕ್ಕೆಗಳಿಂದ ಮರಿ ಹೊರಬರುತ್ತವೆ. ಈಡಿಸ್ ಮೊಟ್ಟೆ ಒಣಗಿದ ಸ್ಥಿತಿಯಲ್ಲಿ ತಿಂಗಳುಗಟ್ಟಲೆ ಬದುಕಬಲ್ಲದು. "ನೀರು ಚೆಲ್ಲಿದರೆ ಸಾಲದು, ತೊಟ್ಟಿಯ ಗೋಡೆ ಉಜ್ಜಬೇಕು" ಎಂಬ ಆರೋಗ್ಯ ಇಲಾಖೆಯ ಮಾತು ಎಷ್ಟು ಸಲ ಮೈಕಿನಲ್ಲಿ ಕೇಳಿದರೂ ತಲೆಗೆ ಹೋಗದ ಮಕ್ಕಳಿಗೆ ಅವತ್ತು ಹೋಗುತ್ತದೆ. ಪ್ರಯೋಗ ಮುಗಿದ ಮೇಲೆ ಪಟ್ಟಿಗಳು ಕುದಿಯುವ ನೀರಿಗೆ.

ಈ ವಾರದ ಬರವಣಿಗೆ ಒಗಟು. ಕಥೆಗೆ ಇನ್ನೂ ಅವಸರ ಬೇಡ. ಒಗಟು ಚಿಕ್ಕದು, ಮನೆಯಲ್ಲಿ ಅಜ್ಜಿಯಿಂದ ಕೇಳಿದ್ದು, ಬರೆಯಲು ಹೆದರುವ ಮಗುವೂ ನಾಲ್ಕು ಸಾಲು ಕಟ್ಟುತ್ತದೆ. ನಿಯಮ ಒಂದೇ: ಒಗಟಿನ ಪ್ರತಿ ತುಂಡೂ "ಕಂಡದ್ದು" ಕಾಲಮ್ಮಿನಿಂದ ಬಂದಿರಬೇಕು. ನಮ್ಮ ಗುಂಪೊಂದು ಕಟ್ಟಿದ್ದು:

ಉಣ್ಣೋಕೆ ಬಾಯಿಲ್ಲ, ಸುಮ್ಮನೆ ಕೂರೋಕೆ ಬರಲ್ಲ,
ತಲೆ ಮೇಲೆ ಎರಡು ಕೊಂಬು, ಕೊಂಬಲ್ಲೇ ಉಸಿರು,
ಮುಟ್ಟಿದರೆ ಪಲ್ಟಿ, ಬಿಟ್ಟರೆ ತೇಲು.

ಉತ್ತರ ಪ್ಯೂಪಾ. ಇನ್ನೊಂದು ಗುಂಪಿನವನು ಎದ್ದು "ಕೊಂಬು ತಲೆ ಮೇಲಲ್ಲ, ಬೆನ್ನ ಮೇಲೆ" ಎಂದು ಜಗಳ ತೆಗೆದ. ಭೂತಕನ್ನಡಿ ತಂದು ನೋಡಿದೆವು. ಪ್ಯೂಪಾದಲ್ಲಿ ತಲೆ ಮತ್ತು ಎದೆ ಸೇರಿ ಒಂದೇ ಉಂಡೆಯಾಗಿರುತ್ತವೆ, ಉಸಿರುಕೊಳವೆ ಹೊರಡುವುದು ಎದೆಯ ಭಾಗದಿಂದ. ಒಗಟು ತಿದ್ದುಪಡಿಯಾಯಿತು. ನಾನು ಪಾಠ ಮಾಡಿದ್ದರೆ ಈ ವಿಷಯ ಬಾಯಿಂದ ಬರುತ್ತಲೂ ಇರಲಿಲ್ಲ.

ಮೂರನೇ ವಾರ: ಮನೆ ಎಣಿಸಿ

ಆಶಾ ಕಾರ್ಯಕರ್ತೆಯ ಜೊತೆಗೇ ಹೋಗಬೇಕು, ಮನೆಯ ದೊಡ್ಡವರು ಒಪ್ಪಿದರೆ ಮಾತ್ರ ಒಳಗೆ. ನೀರು ನಿಂತ ಪ್ರತಿ ಪಾತ್ರೆಯನ್ನೂ ಎಣಿಸಿ, ಮರಿ ಇರುವವಕ್ಕೆ ಗುರುತು ಹಾಕುವುದು. ಯಾರ ಮನೆ ಎಂದು ಹೆಸರು ಬರೆಯಬೇಡಿ, ಸಂಖ್ಯೆ ಕೊಡಿ. ಇಲ್ಲವಾದರೆ ಮಾರನೇ ದಿನ ಶಾಲೆಯಲ್ಲಿ "ನಿಮ್ಮನೇಲಿ ಹುಳ" ಎಂದು ಒಬ್ಬರನ್ನೊಬ್ಬರು ಆಡಿಕೊಳ್ಳುತ್ತಾರೆ.

ಲೆಕ್ಕ ಹೀಗೆ. 40 ಮನೆ ನೋಡಿದಿರಿ, 9ರಲ್ಲಿ ಮರಿ ಸಿಕ್ಕಿತು ಎಂದಿಟ್ಟುಕೊಳ್ಳಿ: ಮನೆ ಸೂಚ್ಯಂಕ (ಮರಿ ಇರುವ ಮನೆಗಳ ಶೇಕಡಾ) 22.5. ಒಟ್ಟು 160 ಪಾತ್ರೆಗಳಲ್ಲಿ 14ರಲ್ಲಿ ಇದ್ದರೆ ಪಾತ್ರೆ ಸೂಚ್ಯಂಕ 8.75. ನೂರು ಮನೆಗೆ ಮರಿ ಇರುವ ಪಾತ್ರೆ ಎಷ್ಟು ಎಂದು ತೆಗೆದರೆ ಬ್ರೆಟೋ ಸೂಚ್ಯಂಕ, ಇಲ್ಲಿ 35. ಆರೋಗ್ಯ ಇಲಾಖೆಯವರು ಬಳಸುವ ಲೆಕ್ಕವೇ ಇದು. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ ಮೇಲೆ ಈ ಮಾತುಗಳು ಪಂಚಾಯ್ತಿ ಸಭೆಗಳಲ್ಲೂ ಕೇಳುತ್ತವೆ.

ಈ ವಾರ ರೊನಾಲ್ಡ್ ರಾಸ್‌ನ ಕಥೆ ಹೇಳುತ್ತೇನೆ. ಸೇನೆಯ ವೈದ್ಯನಾಗಿ 1883ರಲ್ಲಿ ಬೆಂಗಳೂರಿಗೆ ಬಂದಾಗ ಅವನ ಬಂಗಲೆಯಲ್ಲಿ ಸೊಳ್ಳೆ ಕಾಟ. ಕಿಟಕಿಯ ಹೊರಗಿನ ನೀರಿನ ಪೀಪಾಯಿಯಲ್ಲಿ ಮರಿಗಳು ಮಿಜಿಗುಡುತ್ತಿದ್ದವು. ಪೀಪಾಯಿ ಮಗುಚಿದ, ಕಾಟ ತಗ್ಗಿತು. ಮೆಸ್ಸಿನ ಪಾತ್ರೆಗಳನ್ನೂ ಹಾಗೇ ಮಾಡೋಣ ಎಂದರೆ ಅಲ್ಲಿನ ಅಧಿಕಾರಿ ಒಪ್ಪಲಿಲ್ಲ. ಅದು ಪ್ರಕೃತಿಯ ಕ್ರಮವನ್ನು ಕೆಡಿಸಿದಂತೆ ಎಂಬುದು ಅವನ ವಾದ. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಅದೇ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರೋಪಜೀವಿಯನ್ನು ಕಂಡ. ಕಂಡ ಖುಷಿಗೆ ಕವಿತೆಯನ್ನೂ ಬರೆದ. 1902ರಲ್ಲಿ ನೊಬೆಲ್ ಬಂತು. ವಿಜ್ಞಾನದ ಪೀರಿಯಡ್ಡಿನಲ್ಲಿ ಕವಿತೆ ಯಾಕೆ ಎಂದು ಸ್ಟಾಫ್ ರೂಮಿನಲ್ಲಿ ಕೇಳುವವರಿಗೆ ನಾನು ಇಷ್ಟನ್ನೇ ಹೇಳಿ ಟೀ ಕುಡಿಯುತ್ತೇನೆ.

ನಾಲ್ಕನೇ ವಾರ: ಅಂಚು ಇರುವ ಕಥೆ

"ಸೊಳ್ಳೆಯ ಆತ್ಮಕಥೆ" ಎಂಬ ವಿಷಯ ಕೊಡಲೇಬೇಡಿ. ಮೊಬೈಲನ್ನು ಕೇಳಿದರೆ ಅರ್ಧ ನಿಮಿಷದಲ್ಲಿ ಬರುತ್ತದೆ. ಗೈಡಿನಲ್ಲೂ ಇದೆ, ಎಲ್ಲವೂ "ನಾನೊಂದು ಸೊಳ್ಳೆ" ಎಂದೇ ಶುರು. ವಿಷಯವನ್ನು ಇಕ್ಕಟ್ಟು ಮಾಡಿ: "ಒರಳುಕಲ್ಲಿನ ನೀರಿನಲ್ಲಿ ಮೂರನೇ ದಿನ, ನೆರಳು ಬಿದ್ದ ಹೊತ್ತು." "ನಮ್ಮ ಬಾಟಲಿಯಲ್ಲಿ ಕೊನೆಗೆ ಉಳಿದ ಒಂದು ಪ್ಯೂಪಾ." ಇಷ್ಟು ಸಣ್ಣ ಜಾಗಕ್ಕೆ ನಕಲು ಎಲ್ಲಿಂದ ತರುತ್ತಾರೆ?

ಇಡೀ ಪ್ರಾಜೆಕ್ಟಿನಲ್ಲಿ ನನ್ನದು ಅಂತ ಹೇಳಿಕೊಳ್ಳುವ ಒಂದೇ ಉಪಾಯ ಇಲ್ಲಿದೆ. ಕಥೆಯ ಹಾಳೆಯ ಎಡಗಡೆ ಅಗಲವಾದ ಅಂಚು ಬಿಡಿಸುತ್ತೇನೆ. ಬರೆದು ಮುಗಿದ ಮೇಲೆ ಪ್ರತಿ ವಾಕ್ಯಕ್ಕೂ ಅಂಚಿನಲ್ಲಿ ಒಂದಕ್ಷರ: ಕಂಡದ್ದಕ್ಕೆ "ಕಂ" ಮತ್ತು ನೋಟುಪುಸ್ತಕದ ಪುಟ, ಓದಿದ್ದಕ್ಕೆ "ಓ", ಕಲ್ಪನೆಗೆ "ಕ". ಸೊಳ್ಳೆಯ ಮಾತು, ಹೆಸರು, ಭಯ, ಆಸೆ ಎಲ್ಲವೂ "ಕ" ಆಗಬಹುದು, ಎಷ್ಟು ಬೇಕಾದರೂ. ಅದರ ಮೈ, ಉಸಿರು, ಊಟ, ದಿನದ ಲೆಕ್ಕ ಮಾತ್ರ "ಕ" ಆಗುವಂತಿಲ್ಲ. ಅಲ್ಲಿ "ಕ" ಬಿದ್ದರೆ ಎದ್ದು ಹೋಗಿ ಬಾಟಲಿ ನೋಡಿ ಬರಬೇಕು, ಇಲ್ಲವೇ ಪುಸ್ತಕ ತೆಗೆಯಬೇಕು.

ತಿದ್ದುವಾಗ ಕೆಂಪು ಇಂಕಿನಲ್ಲಿ "ತಪ್ಪು" ಎಂದು ಬರೆಯದೆ ಪ್ರಶ್ನೆ ಬರೆಯಿರಿ. ಗುಟುಕು ಕೊಡುವ ಸೊಳ್ಳೆಯಮ್ಮನ ಪಕ್ಕದಲ್ಲಿ ನಾನು ಬರೆದದ್ದು: "ತಾಯಿ ವಾಪಸ್ ಬಂದದ್ದನ್ನು ಯಾವ ಬಾಟಲಿಯಲ್ಲಿ ನೋಡಿದೆ?" ಹುಡುಗಿ ಎರಡು ದಿನ ತೆಗೆದುಕೊಂಡಳು. ತಿದ್ದಿ ತಂದ ಸಾಲು ಹೀಗಿತ್ತು: "ಅಮ್ಮ ಬರಲೇ ಇಲ್ಲ. ನಾನು ಹುಟ್ಟುವ ಮೊದಲೇ ಅವಳು ನನಗಾಗಿ ಊಟ ಮಾಡಿ ಹೋಗಿದ್ದಳು." ರಕ್ತ ಮೊಟ್ಟೆಗೆ, ಮರಿಗಲ್ಲ ಎಂಬುದನ್ನು ಇದಕ್ಕಿಂತ ಚೆನ್ನಾಗಿ ನಾನು ಯಾವ ತರಗತಿಯಲ್ಲೂ ಹೇಳಿಲ್ಲ.

ಕನ್ನಡ ಮೇಷ್ಟ್ರನ್ನು ಜೊತೆಗೆ ಸೇರಿಸಿಕೊಳ್ಳಿ, ವಾರಕ್ಕೊಂದು ಪೀರಿಯಡ್ ಅವರದ್ದೂ ಬೇಕಾಗುತ್ತದೆ. ಜಗಳಕ್ಕೂ ಸಿದ್ಧರಾಗಿ. ಒಬ್ಬ ಹುಡುಗ ಪದ್ಯದಲ್ಲಿ ಮರಿ "ಮೀನಿನಂತೆ ನೀರೊಳಗೆ ಉಸಿರಾಡಿ" ಎಂದು ಬರೆದಿದ್ದ. ಮೇಷ್ಟ್ರಿಗೆ ಲಯ ಇಷ್ಟವಾಯಿತು. "ಉಪಮೆಗೂ ಸಾಕ್ಷಿ ಕೇಳ್ತೀರೇನ್ರೀ?" ಎಂದರು. "ಕೇಳ್ತೀನಿ ಸಾರ್, ಮೀನಿಗೆ ಕಿವಿರು, ಇದಕ್ಕೆ ಮೇಲಿನ ಗಾಳಿಯೇ ಬೇಕು" ಎಂದೆ. ನಮ್ಮಿಬ್ಬರ ವಾದ ನಡೆಯುತ್ತಿರುವಾಗಲೇ ಹುಡುಗ ತಿದ್ದಿಕೊಂಡು ಬಂದ: "ಪಪ್ಪಾಯಿ ದಂಟು ಬಾಯಿಗಿಟ್ಟು ಕೆರೆಯಲಿ ಮುಳುಗಿದ ಹುಡುಗನಂತೆ." ಲಯ ಸ್ವಲ್ಪ ಕೆಟ್ಟಿತ್ತು. ಮೇಷ್ಟ್ರೂ ನಾನೂ ಸುಮ್ಮನಾದೆವು.

ಬರೆಯಲು ಕಷ್ಟಪಡುವ ಮಕ್ಕಳಿದ್ದರೆ ಅವರು ಹೇಳಲಿ, ಗೆಳೆಯರು ಬರೆದುಕೊಳ್ಳಲಿ. ಅಂಚಿನ ಅಕ್ಷರ ಮಾತ್ರ ಹೇಳಿದವರೇ ಹಾಕಬೇಕು.

ತಾಳಮದ್ದಳೆ ಮತ್ತು ಕಾಗದ

ಮುಕ್ತಾಯಕ್ಕೆ ಚಾರ್ಟು ನೇತುಹಾಕುವ ಬದಲು ತಾಳಮದ್ದಳೆ ಮಾಡಿಸಿ. ವೇಷ ಬೇಡ, ಕುಣಿತ ಬೇಡ, ಕೂತು ವಾದ ಮಾಡುವುದಷ್ಟೇ. ವಿಜ್ಞಾನಕ್ಕೆ ಇಷ್ಟು ಹೊಂದುವ ಕಲೆ ಇನ್ನೊಂದು ಸಿಗುವುದು ಕಷ್ಟ. ಪಾತ್ರಗಳು: ಸೊಳ್ಳೆ, ಒರಳುಕಲ್ಲು, ಮನೆ ಯಜಮಾನ, ಪಂಚಾಯ್ತಿ, ಮತ್ತು ನೀರಿನಲ್ಲಿದ್ದಾಗ ಸೊಳ್ಳೆ ಮರಿಗಳನ್ನು ತಿಂದು ಬೆಳೆಯುವ ಏರೋಪ್ಲೇನ್ ಚಿಟ್ಟೆಯ ಮರಿ. ರಾಸ್‌ಗೆ ಅಡ್ಡಬಂದ ಅಧಿಕಾರಿಯನ್ನೂ ಸೇರಿಸಿ. "ಪ್ರಕೃತಿಯ ಕ್ರಮ" ಎಂಬ ಅವನ ವಾದಕ್ಕೆ ಉತ್ತರ ಕೊಡುವುದು ಮಕ್ಕಳಿಗೆ ನಾನು ಅಂದುಕೊಂಡಷ್ಟು ಸುಲಭವಾಗಲಿಲ್ಲ. ಅರ್ಥ ಹೇಳುವವರು ಪುರಾವೆಯಿಲ್ಲದೆ ಮಾತಾಡಿದರೆ ಎದುರಿನವರು "ಪುಟ?" ಎಂದು ಕೇಳಬಹುದು.

ನಮ್ಮಲ್ಲಿ ಯಜಮಾನ "ವಾರಕ್ಕೊಮ್ಮೆ ನೀರು ಚೆಲ್ಲಿದ್ದೇನೆ, ನನ್ನದೇನು ತಪ್ಪು?" ಎಂದ. ಒರಳುಕಲ್ಲು ಉತ್ತರಿಸಿತು: "ಮಿಕ್ಸಿ ಬಂದ ದಿನ ನನ್ನನ್ನು ಹಿತ್ತಿಲಿಗೆ ಉರುಳಿಸಿದಿರಿ, ಅದನ್ನು ಕೇಳುವುದಿಲ್ಲ. ಚೆಲ್ಲಿದಿರಿ ನಿಜ, ಉಜ್ಜಿದಿರಾ? ಮೊಟ್ಟೆ ನನ್ನ ಗೋಡೆಯಲ್ಲಿತ್ತು. ಮೂರನೇ ಗುಂಪು, ಪುಟ 11."

ಆಮೇಲೆ ಪಂಚಾಯ್ತಿಗೆ ಕಾಗದ. ಇದು ಕಥೆಯಲ್ಲ, ಇಲ್ಲಿ "ಕ" ಒಂದೂ ಇರಕೂಡದು. ಸೂಚ್ಯಂಕದ ಪಟ್ಟಿ, ಮರಿ ಸಿಕ್ಕ ಪಾತ್ರೆಗಳ ಬಗೆ, ಒಂದೇ ಒಂದು ಬೇಡಿಕೆ. ಹತ್ತು ಬೇಡಿಕೆ ಬರೆದರೆ ಯಾರೂ ಓದುವುದಿಲ್ಲ. ಪಿಡಿಒ ಕೈಗೆ ಮಕ್ಕಳೇ ಕೊಟ್ಟು ಸ್ವೀಕೃತಿಯ ಸಹಿ ಹಾಕಿಸಿಕೊಂಡು ಬರಲಿ.

ಅಂಕ

ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆಗೆ ಇದನ್ನೇ ತೋರಿಸಿ. 20 ಅಂಕ ಇಟ್ಟುಕೊಂಡರೆ ನಾನು ಕೊಡುವುದು: ನೋಟುಪುಸ್ತಕದ ನೋಟಕ್ಕೆ 8, ಅಂಚಿನ ಪುರಾವೆಗೆ 6, ಮೊದಲ ಕರಡಿಗೂ ಎರಡನೆಯದಕ್ಕೂ ಇರುವ ವ್ಯತ್ಯಾಸಕ್ಕೆ 4, ಭಾಷೆಗೆ 2. ಕಾಗುಣಿತಕ್ಕೆ ಅಂಕ ಕಳೆಯುವುದಿಲ್ಲ, ಅದನ್ನು ಪಕ್ಕದಲ್ಲಿ ತಿದ್ದಿಕೊಡುತ್ತೇನೆ. ಮೊದಲ ದಿನ ಎತ್ತಿಟ್ಟ ಅರ್ಧ ಪುಟವನ್ನು ಈಗ ವಾಪಸ್ ಕೊಟ್ಟು, ಅದರ ಹಿಂಬದಿಯಲ್ಲೇ ಅದೇ ಪ್ರಶ್ನೆಗೆ ಮತ್ತೆ ಉತ್ತರ ಬರೆಸಿ. ಎರಡೂ ಬದಿ ಓದುವಾಗ ಮಕ್ಕಳು ತಮ್ಮಷ್ಟಕ್ಕೆ ತಾವೇ ನಗುತ್ತಾರೆ. ಅದಕ್ಕೆ ಅಂಕ ಬೇಕಿಲ್ಲ.

ಎಲ್ಲ ಗುಂಪಿನ ನೋಟುಪುಸ್ತಕ, ಕಥೆ, ಸೂಚ್ಯಂಕದ ಪಟ್ಟಿಯನ್ನು ಒಂದೇ ಫೈಲಿನಲ್ಲಿ ಕಟ್ಟಿ ಪ್ರಯೋಗಶಾಲೆಯಲ್ಲಿಡಿ. ಮುಂದಿನ ವರ್ಷದವರು ಅದೇ ಮನೆಗಳನ್ನು ಎಣಿಸಿದರೆ ಹೋಲಿಸಲು ಲೆಕ್ಕ ಇರುತ್ತದೆ. ಫೈಲಿನ ಮೊದಲ ಪುಟವನ್ನು ಮಾತ್ರ ಖಾಲಿ ಬಿಟ್ಟು, ಬರುವವರಿಗೆ ಒಂದು ಸಾಲು ಬರೆಯಲು ಹೇಳಿ. ಹೋದ ಸಲದವರು ಬರೆದದ್ದು: "ಚರಂಡಿಗೆ ಆಮೇಲೆ ಹೋಗಿ, ಮೊದಲು ಒರಳುಕಲ್ಲು ನೋಡಿ. ನಾವು ಬೋರಲು ಹಾಕಿದ್ದೇವೆ, ಯಾರಾದರೂ ಮತ್ತೆ ಅಂಗಾತ ಮಾಡಿರುತ್ತಾರೆ."